ಆಯತ್ ಓದುವ ಶಿಸ್ತು



ಕುರ್‌ಆನಿನ ಹಿರಿಮೆಯನ್ನು ಕುರಿತು ಮಾತಾಡುವವರು ಬಹಳ ಮಂದಿ ಇದ್ದಾರೆ. ಅದನ್ನು ಓದುವ ಕ್ರಮದ ಬಗ್ಗೆ ಕನ್ನಡದಲ್ಲಿ ನಡೆದಿರುವ ಮಾತು ಕಡಿಮೆ. ಆದ್ದರಿಂದ ಈ ಎರಡನೆಯದನ್ನು ಆರಿಸಿಕೊಂಡಿದ್ದೇನೆ. ಇವತ್ತು ಹೆಚ್ಚಿನವರಿಗೆ ಕುರ್‌ಆನ್ ತಲುಪುವುದು ಬಿಡಿ ಬಿಡಿ ವಾಕ್ಯಗಳಾಗಿ. ಮೊಬೈಲಿಗೆ ಒಂದು ಸಾಲು ಬರುತ್ತದೆ, ಪಕ್ಕದಲ್ಲಿ ಸೂರಾ (ಅಧ್ಯಾಯ) ಮತ್ತು ಆಯತ್‌ನ (ವಚನದ) ಸಂಖ್ಯೆ ಇರುತ್ತದೆ, ಅಷ್ಟೇ. ಕಳಿಸಿದವರು ಭಕ್ತರಿರಬಹುದು, ದ್ವೇಷಿಗಳಿರಬಹುದು. ಇಬ್ಬರೂ ವಾಕ್ಯವನ್ನು ಅದರ ನೆರೆಹೊರೆಯಿಂದ ಕಿತ್ತು ತಂದು ತಮಗೆ ಬೇಕಾದ್ದನ್ನು ಅದರ ಬಾಯಿಂದ ಹೇಳಿಸುತ್ತಾರೆ. ಈ ಚಾಳಿ ಹೊಸದಲ್ಲ. ಅದನ್ನು ತಡೆಯಲು ಮುಸ್ಲಿಂ ವಿದ್ವಾಂಸರು ಒಂದು ಶಾಸ್ತ್ರವನ್ನೇ ಕಟ್ಟಿದರು. ಉಸೂಲುತ್ತಫ್ಸೀರ್, ಅಂದರೆ ವ್ಯಾಖ್ಯಾನದ ಮೂಲತತ್ವಗಳು ಎಂದು ಅದಕ್ಕೆ ಹೆಸರು. ಆಯತ್‌ಗೆ ಅರ್ಥ ಹಚ್ಚುವುದು ಈ ತತ್ವಗಳ ಕೆಲಸ ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಓದುಗನ ಇಷ್ಟಕ್ಕೆ ಲಗಾಮು ಹಾಕುವುದು ಅವುಗಳ ಮೊದಲ ಕೆಲಸ ಎಂಬುದು ನನ್ನ ವಾದ.

ಹಾತಿಮನ ಮಗ ಅದೀ(ರ) ಅವರ ಪ್ರಸಂಗದಿಂದ ಶುರುಮಾಡುತ್ತೇನೆ. ಹಾತಿಮ್ ತಾಯಿ ಎಂದರೆ ಅರಬರಲ್ಲಿ ಔದಾರ್ಯಕ್ಕೆ ಇನ್ನೊಂದು ಹೆಸರು. ಇಸ್ಲಾಮಿಗೆ ಬಂದ ಅವನ ಮಗ ಉಪವಾಸದ ನಿಯಮ ಕೇಳಿಕೊಂಡರು. ಎರಡನೆಯ ಸೂರಾದ 187ನೇ ಆಯತ್‌ನಲ್ಲಿ, ಬಿಳಿಯ ಎಳೆ ಕರಿಯ ಎಳೆಯಿಂದ ಬೇರೆಯಾಗಿ ಕಾಣುವವರೆಗೆ ಉಣ್ಣಬಹುದು, ಕುಡಿಯಬಹುದು ಎಂಬ ಅನುಮತಿ ಇದೆ. ಅದೀ ಒಂದು ಬಿಳಿ ಹಗ್ಗ, ಒಂದು ಕರಿ ಹಗ್ಗ ತಂದು ದಿಂಬಿನ ಕೆಳಗಿಟ್ಟರು. ರಾತ್ರಿಯಿಡೀ ಆಗಾಗ ತೆಗೆದು ನೋಡಿದರು, ಎರಡೂ ಒಂದೇ ಬಗೆಯಾಗಿ ಕಂಡವು. ಬೆಳಿಗ್ಗೆ ಪ್ರವಾದಿಯವರ(ಸ) ಬಳಿ ಹೋಗಿ ಹೇಳಿದರು. ಆ ಎರಡು ಎಳೆಗಳೂ ನಿನ್ನ ದಿಂಬಿನಡಿ ಹಿಡಿಸುವುದಾದರೆ ದಿಂಬು ಬಹಳ ಅಗಲವೇ ಇರಬೇಕು ಎಂದು ಪ್ರವಾದಿಯವರು ನಯವಾಗಿ ಹಾಸ್ಯ ಮಾಡಿ, ಅದು ಇರುಳಿನ ಕಪ್ಪು ಮತ್ತು ಹಗಲಿನ ಬಿಳುಪು ಎಂದು ತಿಳಿಸಿದರು. ಬುಖಾರಿಯವರ ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳ ಸಂಗ್ರಹದಲ್ಲಿ ಇದು ದಾಖಲಾಗಿದೆ. ಇದೇ ಆಯತ್ ಬಗ್ಗೆ ಸಹ್ಲ್ ಇಬ್ನ್ ಸಅದ್(ರ) ಅವರ ಇನ್ನೊಂದು ವರದಿಯೂ ಅಲ್ಲಿಯೇ ಇದೆ. ಕೆಲವರು ಕಾಲಿಗೇ ಎರಡು ದಾರ ಕಟ್ಟಿಕೊಂಡು, ಬಣ್ಣ ಗೊತ್ತಾಗುವವರೆಗೆ ಉಣ್ಣುತ್ತಿದ್ದರಂತೆ. ಆಮೇಲೆ ‘ಮುಂಜಾವಿನ’ ಎಂಬ ವಿವರಣೆಯ ಪದ ಅವತೀರ್ಣವಾಯಿತು ಎನ್ನುತ್ತದೆ ಆ ವರದಿ.

ಅದೀ ಅವರಿಗೆ ಅರಬಿ ತಾಯ್ನುಡಿ. ನಿಘಂಟು ನೋಡುವ ಅಗತ್ಯವಿರಲಿಲ್ಲ, ಅನುವಾದದ ತೊಡಕಿರಲಿಲ್ಲ, ಮನಸ್ಸಿನಲ್ಲಿ ಕಪಟವಂತೂ ಇರಲೇ ಇಲ್ಲ. ಆದರೂ ಅರ್ಥ ತಪ್ಪಿತು. ಅರಬಿ ಬಂದರೆ ಕುರ್‌ಆನ್ ತಾನಾಗಿ ತಿಳಿಯುತ್ತದೆ ಎನ್ನುವವರೂ, ಶುದ್ಧ ಮನಸ್ಸಿದ್ದರೆ ಸಾಕು ಎನ್ನುವವರೂ ಆ ದಿಂಬಿನ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಪ್ರವಾದಿಯವರ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್(ರ) ಅರ್ಥವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರೆಂದು ತಬರಿ ತಮ್ಮ ಬೃಹತ್ ವ್ಯಾಖ್ಯಾನದಲ್ಲಿ ಹೇಳುತ್ತಾರೆ. ಅರಬರು ತಮ್ಮ ಮಾತಿನ ಬಳಕೆಯಿಂದಲೇ ತಿಳಿಯುವಂಥದ್ದು ಒಂದು, ಗೊತ್ತಿಲ್ಲ ಎಂದು ಯಾರೂ ತಪ್ಪಿಸಿಕೊಳ್ಳಲಾಗದ್ದು ಇನ್ನೊಂದು, ವಿದ್ವಾಂಸರಿಗೆ ಮಾತ್ರ ಎಟುಕುವುದು ಮತ್ತೊಂದು, ದೇವರೊಬ್ಬನೇ ಬಲ್ಲದ್ದು ಕೊನೆಯದು. ತಬರಿ ತೀರಿಕೊಂಡದ್ದು 923ರಲ್ಲಿ. ಅಷ್ಟು ಹಿಂದೆಯೇ, ಎಲ್ಲ ಆಯತ್‌ಗಳೂ ಎಲ್ಲರಿಗೂ ಒಂದೇ ಸಲೀಸಿನಲ್ಲಿ ತೆರೆದುಕೊಳ್ಳುವುದಿಲ್ಲ ಎಂಬ ಅರಿವು ಗಟ್ಟಿಯಾಗಿತ್ತು.

ತತ್ವಗಳಲ್ಲಿ ಮೊದಲನೆಯದು, ಕುರ್‌ಆನನ್ನು ಕುರ್‌ಆನಿನಿಂದಲೇ ತಿಳಿಯಬೇಕು ಎಂಬುದು. ಇದಕ್ಕೆ ಕಾರಣ ಆ ಗ್ರಂಥದ ರಚನೆಯಲ್ಲೇ ಇದೆ. ಸುಮಾರು 23 ವರ್ಷಗಳಲ್ಲಿ, ಮೊದಲು ಮಕ್ಕಾದಲ್ಲಿ, ಆಮೇಲೆ ಮದೀನಾದಲ್ಲಿ ಸಂದರ್ಭ ಸಂದರ್ಭಕ್ಕೆ ಇಳಿದ ಆಯತ್‌ಗಳು 114 ಸೂರಾಗಳಲ್ಲಿ ಸೇರಿವೆ. ಇಳಿದ ಕಾಲದ ಕ್ರಮದಲ್ಲಿ ಅವು ಜೋಡಣೆಯಾಗಿಲ್ಲ. ಪ್ರವಾದಿ ಮೂಸಾರ ಕಥೆ ಹತ್ತಾರು ಕಡೆ ಹಂಚಿಹೋಗಿದೆ. ಒಂದು ಕಡೆ ಮೊಟಕಾಗಿ ಬಂದದ್ದು ಇನ್ನೊಂದು ಕಡೆ ಬಿಡಿಸಿಕೊಳ್ಳುತ್ತದೆ. ಆರನೆಯ ಸೂರಾದ 82ನೇ ಆಯತ್, ತಮ್ಮ ವಿಶ್ವಾಸಕ್ಕೆ ಅನ್ಯಾಯವನ್ನು ಬೆರೆಸದವರಿಗೆ ಮಾತ್ರ ಅಭಯ ಎನ್ನುತ್ತದೆ. ಅದನ್ನು ಕೇಳಿ ಪ್ರವಾದಿಯವರ ಸಂಗಾತಿಗಳು ಕಂಗಾಲಾದರು. ತನಗೆ ತಾನು ಅನ್ಯಾಯ ಮಾಡಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ ಎಂದು ಕೇಳಿದರು. ಪ್ರವಾದಿಯವರು ಅವರಿಗೆ ಲುಕ್ಮಾನ್ ಸೂರಾದ 13ನೇ ಆಯತ್ ತೋರಿಸಿದರು. ಅಲ್ಲಿ ಲುಕ್ಮಾನರು ಮಗನಿಗೆ ಬುದ್ಧಿ ಹೇಳುತ್ತ, ದೇವರಿಗೆ ಸಹಭಾಗಿಗಳನ್ನು ಕಲ್ಪಿಸುವುದೇ ಘೋರ ಅನ್ಯಾಯ ಎನ್ನುತ್ತಾರೆ. ಒಂದು ಸೂರಾದ ಸಂಕಟಕ್ಕೆ ಇನ್ನೊಂದು ಸೂರಾ ಉತ್ತರ ಕೊಟ್ಟಿತು. ಮೊದಲು ಕುರ್‌ಆನ್, ಆಮೇಲೆ ಪ್ರವಾದಿಚರ್ಯೆ, ಆಮೇಲೆ ಸಂಗಾತಿಗಳ ಮಾತು, ಅನಂತರ ಅವರ ಶಿಷ್ಯರದು ಎಂಬ ಕ್ರಮವನ್ನು ಇಬ್ನ್ ತೈಮಿಯ್ಯಾ (1263–1328) ಈ ಶಾಸ್ತ್ರದ ಪೀಠಿಕೆಯಂಥ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರು. ಇವತ್ತಿಗೂ ಮದ್ರಸಾಗಳಲ್ಲಿ ಅದನ್ನು ಓದಿಸುತ್ತಾರೆ.

ಈ ತತ್ವಗಳೆಲ್ಲ ಒಟ್ಟಿಗೇ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕಾದರೆ ಒಂದು ಮನೆಯೊಳಗಿನ ಮಾತುಕತೆಯನ್ನು ಕೇಳಬೇಕು. ಉರ್ವಾ ಇಬ್ನ್ ಝುಬೈರ್ ಎಂಬ ತರುಣ ತನ್ನ ಚಿಕ್ಕಮ್ಮ, ಪ್ರವಾದಿಯವರ ಪತ್ನಿ ಆಯಿಶಾ(ರ) ಅವರ ಮುಂದೆ ಒಂದು ಸಂದೇಹ ಇಟ್ಟ. ಹಜ್ಜಿನಲ್ಲಿ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವ ಕ್ರಮ ಇದೆಯಲ್ಲ, ಎರಡನೆಯ ಸೂರಾದ 158ನೇ ಆಯತ್ ಅದರ ಕುರಿತದ್ದು. ಹಜ್ಜಿಗೋ ಉಮ್ರಾಕ್ಕೋ ಬಂದವನು ಅವೆರಡನ್ನು ಸುತ್ತಿದರೆ ತಪ್ಪಿಲ್ಲ ಎಂಬ ಧಾಟಿಯಲ್ಲಿ ಅದರ ಮಾತಿದೆ. ತಪ್ಪಿಲ್ಲ ಎಂದ ಮೇಲೆ ಮಾಡಿದರೂ ಆಯಿತು, ಬಿಟ್ಟರೂ ಆಯಿತು, ಅಲ್ಲವೇ ಎಂದು ಉರ್ವಾ ಕೇಳಿದ. ಮೇಲುನೋಟಕ್ಕೆ ಅವನ ತರ್ಕದಲ್ಲಿ ಒಂದು ಬಿರುಕೂ ಕಾಣುವುದಿಲ್ಲ.

ಆಯಿಶಾ ಅವರು ಅಕ್ಕನ ಮಗನ ಓದನ್ನು ಮೊದಲು ವ್ಯಾಕರಣದಲ್ಲೇ ಹಿಡಿದರು. ನೀನು ಹೇಳುವ ಅರ್ಥವೇ ಇದ್ದಿದ್ದರೆ, ಸುತ್ತದೆ ಬಿಟ್ಟರೆ ತಪ್ಪಿಲ್ಲ ಎಂದಿರಬೇಕಿತ್ತು. ಸುತ್ತಿದರೆ ತಪ್ಪಿಲ್ಲ ಎಂದಿರುವಾಗ, ಸುತ್ತುವುದು ತಪ್ಪೆಂದು ಯಾರೋ ಅಂಜಿದ್ದರು ಎಂದಾಯಿತು. ಅಂಜಿದವರು ಯಾರು? ಆಯಿಶಾ ಅದನ್ನೂ ಹೇಳಿದರು. ಮದೀನಾದ ಅನ್ಸಾರರು ಇಸ್ಲಾಮಿಗೆ ಮುಂಚೆ ಮುಶಲ್ಲಲ್ ಎಂಬಲ್ಲಿದ್ದ ಮನಾತ್ ದೇವತೆಯ ಹೆಸರಿನಲ್ಲಿ ಇಹ್ರಾಮ್ (ಯಾತ್ರೆಯ ದೀಕ್ಷೆ) ಕಟ್ಟುತ್ತಿದ್ದರು. ಹಾಗೆ ಕಟ್ಟಿದವರು ಸಫಾ ಮರ್ವಾಗಳ ನಡುವೆ ನಡೆಯಲು ಹಿಂಜರಿಯುತ್ತಿದ್ದರು. ಇಸ್ಲಾಮಿಗೆ ಬಂದ ಮೇಲೂ ಆ ಹಿಂಜರಿಕೆ ಉಳಿದಿತ್ತು. ಅದನ್ನು ನೀಗಲು ಈ ಆಯತ್ ಬಂತು. ಕೊನೆಗೆ, ಪ್ರವಾದಿಯವರೇ ಈ ನಡಿಗೆಯನ್ನು ಆಚರಣೆಯಾಗಿ ನಿಲ್ಲಿಸಿಕೊಟ್ಟಿದ್ದಾರೆ, ಬಿಡಲು ಯಾರಿಗೂ ಅವಕಾಶವಿಲ್ಲ ಎಂದರು.

ಒಂದು ಉತ್ತರದಲ್ಲಿ ಎಷ್ಟು ಅಡಗಿದೆ ನೋಡಿ. ವಾಕ್ಯದ ಕಟ್ಟು, ಅದು ಇಳಿದ ಸಂದರ್ಭ, ಪ್ರವಾದಿಯವರ ನಡೆ, ಮೂರೂ ಒಂದೇ ಕಡೆ ಬೆರಳು ತೋರುತ್ತವೆ. ಆಯತ್‌ನ ಮೊದಲ ಭಾಗವೂ ಆಯಿಶಾ ಅವರ ಪರವಾಗಿಯೇ ಇದೆ, ಯಾಕೆಂದರೆ ಅದು ಆ ಎರಡು ಗುಡ್ಡಗಳನ್ನು ದೇವರ ಕುರುಹುಗಳು ಎಂದು ಕರೆದೇ ಮುಂದುವರಿಯುತ್ತದೆ. ಉರ್ವಾನ ಓದಿನಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಈ ಮಾತು ಅಬೂಬಕರ್ ಇಬ್ನ್ ಅಬ್ದುರ್ರಹ್ಮಾನ್ ಎಂಬ ಇನ್ನೊಬ್ಬ ವಿದ್ವಾಂಸರ ಕಿವಿಗೆ ಬಿತ್ತು. ಬೇರೆ ಕೆಲವರು ಬೇರೆ ಕಾರಣಕ್ಕೆ ಹಿಂಜರಿದಿದ್ದರೆಂದು ಅವರು ಕೇಳಿದ್ದರು. ಆ ಕೆಲವರು ಮೊದಲು ಆ ನಡಿಗೆ ಮಾಡುತ್ತಿದ್ದವರೇ ಆದರೂ ಇಸ್ಲಾಮ್ ಬಂದ ಮೇಲೆ ಸಂಕೋಚಪಟ್ಟಿದ್ದರು. ಆಯತ್ ಎರಡೂ ಗುಂಪಿನವರನ್ನು ಉದ್ದೇಶಿಸಿದ್ದಿರಬೇಕು ಎಂದು ಅಬೂಬಕರ್ ನಿಶ್ಚಯಿಸಿದರು. ಒಂದು ವರದಿ ಸಿಕ್ಕ ಕೂಡಲೇ ಇನ್ನೊಂದನ್ನು ಎಸೆಯಲಿಲ್ಲ. ಮುಂದೆ ಮಾಲಿಕಿ ಮತ್ತು ಶಾಫಿಈ ಪಂಥದವರು ಈ ನಡಿಗೆಯಿಲ್ಲದೆ ಹಜ್ಜ್ ಪೂರ್ಣವಾಗದು ಎಂದರು. ಹನಫಿಗಳು ಅದನ್ನು ಕಡ್ಡಾಯ ಎಂದರಾದರೂ, ಬಿಟ್ಟುಹೋದರೆ ಬಲಿಯಿಂದ ತುಂಬಿಕೊಡಬಹುದು ಎಂದರು. ಎಲ್ಲ ತತ್ವಗಳನ್ನೂ ಹಚ್ಚಿದ ಮೇಲೂ ಭಿನ್ನಮತಕ್ಕೆ ಜಾಗ ಉಳಿಯಿತು. ಈ ಪರಂಪರೆಯಲ್ಲಿ ನನಗೆ ಬಹಳ ಗೌರವ ಹುಟ್ಟಿಸುವ ಗುಣ ಇದು.

ಸಂದರ್ಭ ತಿಳಿಯಬೇಕು ಎಂದರೆ ಆಯತ್ ಆ ಸಂದರ್ಭಕ್ಕೇ ಮುಗಿಯಿತೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮುಗಿಯುವುದಿಲ್ಲ. ಇಳಿದ ಕಾರಣ ವಿಶೇಷವಾಗಿದ್ದರೂ ಮಾತು ಸಾಮಾನ್ಯವಾಗಿದ್ದರೆ ಸಾಮಾನ್ಯಾರ್ಥಕ್ಕೇ ಬೆಲೆ ಎಂಬುದು ಬಹುಮತದ ಸೂತ್ರ. 58ನೇ ಸೂರಾ ಖೌಲಾ ಎಂಬ ಹೆಣ್ಣುಮಗಳ ದೂರಿನಿಂದ ಆರಂಭವಾಗುತ್ತದೆ. ಗಂಡ ಅವಳನ್ನು ತನ್ನ ತಾಯಿಗೆ ಹೋಲಿಸಿ ದೂರವಿಟ್ಟಿದ್ದ. ಅತ್ತ ಸಂಸಾರವೂ ಇಲ್ಲ, ಇತ್ತ ಬಿಡುಗಡೆಯೂ ಇಲ್ಲ ಎಂಬ ಸ್ಥಿತಿ. ಆ ಒಬ್ಬಳಿಗಾಗಿ ಬಂದ ತೀರ್ಪು ಅಂಥ ಎಲ್ಲ ಗಂಡಂದಿರ ಮೇಲೂ ಬಿತ್ತು. ಸಂದರ್ಭಗಳನ್ನೇ ಕುರಿತು ಪುಸ್ತಕ ಬರೆದವರು 11ನೇ ಶತಮಾನದ ವಾಹಿದಿ. ಆದರೆ ಸಂದರ್ಭ ಎಂದು ಹೇಳಿದ್ದೆಲ್ಲ ಸಂದರ್ಭವಲ್ಲ ಎಂದು 14ನೇ ಶತಮಾನದ ಝರ್ಕಶಿ ಎಚ್ಚರಿಸಿದರು. ಈ ಆಯತ್ ಇಂಥ ವಿಷಯದಲ್ಲಿ ಇಳಿಯಿತು ಎಂದು ಹಿರಿಯರು ಅಂದಾಗ, ಈ ವಿಷಯಕ್ಕೂ ಅದು ಅನ್ವಯಿಸುತ್ತದೆ ಎಂದಷ್ಟೇ ಅವರ ಅಭಿಪ್ರಾಯ ಇದ್ದದ್ದು ಹಲವು ಸಲ.

ಈಗ ಎಲ್ಲರೂ ಎತ್ತುವ ಆಯತ್‌ಗೆ ಬರುತ್ತೇನೆ. ಒಂಬತ್ತನೆಯ ಸೂರಾ, ತೌಬಾ, ಐದನೆಯ ಆಯತ್. ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ ಎಂಬ ಅರ್ಥದ ತುಣುಕನ್ನು ಹರಿದಾಡಿಸುವವರ ಸಂಖ್ಯೆ ನಮ್ಮ ದೇಶದಲ್ಲಿ ದೊಡ್ಡದು. ಅದನ್ನು ತನ್ನ ಹಿಂಸೆಗೆ ಸಮರ್ಥನೆಯಾಗಿ ಎತ್ತಿಕೊಳ್ಳುವ ಉಗ್ರನೂ ಅದೇ ತುಣುಕನ್ನೇ ಹಿಡಿಯುತ್ತಾನೆ. ಸೂರಾವನ್ನು ಮೊದಲಿನಿಂದ ಓದೋಣ. ಹಿಜರಿ 9ನೇ ವರ್ಷ, ಕ್ರಿ.ಶ. 631. ಹಜ್ಜಿನ ವೇಳೆ ಅಲೀ(ರ) ಅವರ ಮೂಲಕ ಸಾರಿದ ಘೋಷಣೆ ಇದು. ಒಪ್ಪಂದ ಮುರಿದ ಬಣಗಳಿಗೆ ನಾಲ್ಕು ತಿಂಗಳ ಗಡುವು ಕೊಡಲಾಗುತ್ತದೆ. ನಾಲ್ಕನೆಯ ಆಯತ್, ಒಪ್ಪಂದಕ್ಕೆ ನಿಷ್ಠರಾಗಿ ಉಳಿದವರನ್ನು ಹೊರಗಿಟ್ಟು, ಅವರ ಅವಧಿ ಮುಗಿಯುವವರೆಗೆ ಮಾತು ಉಳಿಸಿಕೊಳ್ಳಿ ಎನ್ನುತ್ತದೆ. ಆರನೆಯದು, ಅದೇ ಬಹುದೇವಾರಾಧಕರಲ್ಲಿ ಒಬ್ಬ ಆಶ್ರಯ ಕೇಳಿದರೆ ಕೊಡಿ, ದೇವರ ಮಾತನ್ನು ಕೇಳಲಿ, ಆಮೇಲೆ ಅವನಿಗೆ ಸುರಕ್ಷಿತವಾದ ಜಾಗಕ್ಕೆ ಮುಟ್ಟಿಸಿ ಎನ್ನುತ್ತದೆ. ಏಳನೆಯದು, ಅವರು ನಿಮ್ಮೊಡನೆ ನೆಟ್ಟಗಿರುವವರೆಗೆ ನೀವೂ ನೆಟ್ಟಗಿರಿ ಎನ್ನುತ್ತದೆ. ಹದಿಮೂರನೆಯದು ಕಾರಣ ಕೊಡುತ್ತದೆ: ಅವರು ಪ್ರತಿಜ್ಞೆ ಮುರಿದರು, ಪ್ರವಾದಿಯವರನ್ನು ಹೊರಹಾಕಲು ಹೊರಟರು, ಮೊದಲು ಕೈಮಾಡಿದವರೂ ಅವರೇ.

ನಮ್ಮ ಮನೆಗಳಲ್ಲಿರುವ, ಭಾರತದಲ್ಲಿ ಅಚ್ಚಾದ ಮುಸ್‌ಹಫ್‌ಗಳ, ಅಂದರೆ ಕುರ್‌ಆನ್ ಪ್ರತಿಗಳ ಅಂಚಿನಲ್ಲಿ ಸಣ್ಣದೊಂದು ಐನ್ ಅಕ್ಷರ ಇರುತ್ತದೆ. ಒಂದು ವಿಷಯ ಮುಗಿದು ನಮಾಜಿನಲ್ಲಿ ರುಕೂಗೆ ಬಾಗಬಹುದಾದ ಜಾಗದ ಗುರುತು ಅದು. ಅಲ್ಲಿಗೆ ಮುಗಿಯುವ ಭಾಗಕ್ಕೂ ರುಕೂ ಎಂದೇ ಹೆಸರು. ತೌಬಾ ಸೂರಾದ ಮೊದಲ ರುಕೂ ಮುಗಿಯುವುದು ಆರನೆಯ ಆಯತ್‌ಗೆ. ಐದಕ್ಕೆ ನಿಲ್ಲಿಸುವವನು ರುಕೂ ಕೂಡ ಪೂರ್ತಿ ಓದಿಲ್ಲ. ಆಶ್ರಯದ ಆಯತ್ ಅವನಿಗೆ ಒಂದೇ ಹೆಜ್ಜೆ ಆಚೆಗಿತ್ತು.

ಹಿಂದಿನವರೆಲ್ಲ ಹೀಗೆಯೇ ಓದಿದರು ಎಂದು ನಾನು ಹೇಳುವುದಿಲ್ಲ, ಹೇಳಿದರೆ ಸತ್ಯಕ್ಕೆ ದೂರವಾಗುತ್ತದೆ. ಐದನೆಯ ಈ ಒಂದು ಆಯತ್ ಸಹನೆ, ಕ್ಷಮೆಗಳ ನೂರಕ್ಕೂ ಹೆಚ್ಚು ಆಯತ್‌ಗಳನ್ನು ರದ್ದುಮಾಡಿತು ಎಂದವರು ಇದ್ದರು. ನಸ್ಖ್ ಎಂದರೆ ಹಿಂದಿನ ಆಜ್ಞೆಯನ್ನು ಮುಂದಿನ ಆಜ್ಞೆ ತೆಗೆದುಹಾಕುವುದು. ಆ ತತ್ವವನ್ನು ಲೆಕ್ಕವಿಲ್ಲದೆ ಚೆಲ್ಲಿದ ಫಲ ಇದು. ಎರಡು ಆಯತ್‌ಗಳು ಮೇಲ್ನೋಟಕ್ಕೆ ಬೇರೆ ದಿಕ್ಕಿಗೆ ಹೋದಂತೆ ಕಂಡ ಕೂಡಲೇ ಒಂದನ್ನು ರದ್ದಾಯಿತು ಎಂದುಬಿಟ್ಟರೆ ಯೋಚನೆಯ ಶ್ರಮ ಉಳಿಯುತ್ತದೆ. ಆದರೆ ಶಾಸ್ತ್ರವೇ ತನ್ನನ್ನು ತಿದ್ದಿಕೊಂಡಿತು. 1505ರಲ್ಲಿ ತೀರಿಕೊಂಡ ಸುಯೂತಿ ರದ್ದಾದವೆಂದು ಹೇಳಲಾದವುಗಳ ಪಟ್ಟಿಯನ್ನು ಜರಡಿ ಹಿಡಿದು ಸುಮಾರು 20 ಆಯತ್‌ಗಳಿಗೆ ಇಳಿಸಿದರು. ಸಹನೆಯ ಆಯತ್‌ಗಳು ರದ್ದಾದವಲ್ಲ, ಪ್ರತಿ ಸ್ಥಿತಿಗೂ ಅದರದರ ಆಜ್ಞೆ, ಸ್ಥಿತಿ ಮರಳಿದರೆ ಆಜ್ಞೆಯೂ ಮರಳುತ್ತದೆ ಎಂಬ ಝರ್ಕಶಿಯವರ ವಿವರಣೆಯನ್ನು ಅವರೂ ಎತ್ತಿಹಿಡಿದರು. ದೆಹಲಿಯ ಶಾಹ್ ವಲಿಯುಲ್ಲಾಹ್ (1703–1762) ಆ 20ನ್ನೂ ಒಂದೊಂದಾಗಿ ಪರೀಕ್ಷಿಸಿ ಐದಕ್ಕೆ ತಂದರು. ಉಳಿದ ಐದರಲ್ಲಿ ಒಂದು ಹೇಗಿದೆ ನೋಡಿ. ಪ್ರವಾದಿಯವರೊಡನೆ ಖಾಸಗಿಯಾಗಿ ಮಾತಾಡುವ ಮುಂಚೆ ದಾನ ಕೊಡಬೇಕೆಂದು 58ನೇ ಸೂರಾದ 12ನೇ ಆಯತ್ ಹೇಳುತ್ತದೆ, ಪಕ್ಕದ 13ನೆಯದೇ ಆ ಹೊರೆಯನ್ನು ಇಳಿಸುತ್ತದೆ. ರದ್ದತಿ ಎಂದರೆ ಇಷ್ಟು ನಿಚ್ಚಳವಾಗಿರಬೇಕು. ನೂರಕ್ಕೂ ಮಿಕ್ಕಿದ್ದನ್ನು ಐದಕ್ಕೆ ಇಳಿಸಿದ ಈ ಕೆಲಸ ಮುಸ್ಲಿಂ ಬೌದ್ಧಿಕ ಚರಿತ್ರೆಯ ದೊಡ್ಡ ಕೆಲಸಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ.

ಒಳ್ಳೆಯ ಉದ್ದೇಶಕ್ಕಾದರೆ ಅರ್ಥವನ್ನು ಕೊಂಚ ಬಗ್ಗಿಸಬಹುದೇ? 1111ರಲ್ಲಿ ತೀರಿಕೊಂಡ ಗಝಾಲಿ ಈ ಪ್ರಶ್ನೆಗೆ ಕೊಟ್ಟ ಉತ್ತರ ಕಟುವಾಗಿದೆ. ಈಜಿಪ್ಟಿನ ದೊರೆ ಫಿರ್‌ಔನನ ಬಳಿಗೆ ಹೋಗು, ಅವನು ಮಿತಿಮೀರಿದ್ದಾನೆ ಎಂದು ಮೂಸಾರಿಗೆ ಆಜ್ಞೆಯಾಯಿತಲ್ಲ, ಆ ಆಯತ್ ಹೇಳುತ್ತ ಕೆಲವು ಉಪದೇಶಕರು ತಮ್ಮ ಎದೆಯತ್ತ ಕೈ ತೋರಿಸುತ್ತಿದ್ದರು. ಫಿರ್‌ಔನ್ ಎಂದರೆ ಕಲ್ಲಾದ ಹೃದಯ ಎಂದು ಸೂಚಿಸುವುದು ಅವರ ಇಂಗಿತ. ಉಪದೇಶ ಒಳ್ಳೆಯದೇ. ಆದರೂ ಅದನ್ನು ಆಯತ್‌ನ ಅರ್ಥ ಎಂದು ಹೇಳುವುದು ನಿಷಿದ್ಧ ಎಂದರು ಗಝಾಲಿ. ಹೇಳುವವನಿಗೆ ಅದು ಆಯತ್‌ನ ಅರ್ಥವಲ್ಲ ಎಂದು ಗೊತ್ತಿದೆ, ತನ್ನ ಉದ್ದೇಶಕ್ಕಾಗಿ ಅದನ್ನು ಎಳೆದು ತಂದಿದ್ದಾನೆ ಎಂಬುದು ಅವರ ಆಕ್ಷೇಪ. ಸೌಹಾರ್ದದ ವೇದಿಕೆಗಳಲ್ಲಿ ಮಾತಾಡುವ ನಮ್ಮಂಥವರು ಇದನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಶಾಂತಿಯ ಹೆಸರಿನಲ್ಲಿ ಮಾಡಿದ ಕತ್ತರಿಪ್ರಯೋಗವೂ ಕತ್ತರಿಪ್ರಯೋಗವೇ.

ಅರ್ಥವೇ ತನ್ನ ಮಿತಿಯನ್ನು ಹೇಳಿಕೊಳ್ಳುವ ಆಯತ್ ಒಂದಿದೆ. ಮೂರನೆಯ ಸೂರಾದ ಏಳನೆಯದು. ಗ್ರಂಥದಲ್ಲಿ ಸ್ಪಷ್ಟಾರ್ಥದ ಆಯತ್‌ಗಳಿವೆ, ಅವೇ ಬುಡ. ಹಲವು ಹೋಲಿಕೆಗಳಿಗೆ ಎಡೆಕೊಡುವ ಬೇರೆಯವೂ ಇವೆ. ಮನಸ್ಸು ಓರೆಯಾದವರು ಎರಡನೆಯವುಗಳ ಹಿಂದೆ ಬೀಳುತ್ತಾರೆ ಎಂದು ಅದರ ಸಾರ. ಮುಂದೆ ಅವುಗಳ ಅಂತಿಮಾರ್ಥ ಬಲ್ಲವರು ಯಾರು ಎಂಬಲ್ಲಿ ಪಠಣದ ಒಂದು ಪ್ರಶ್ನೆ ಏಳುತ್ತದೆ. ‘ಅಲ್ಲಾಹ್’ ಎಂಬಲ್ಲಿ ಉಸಿರು ನಿಲ್ಲಿಸಿದರೆ ಅವನೊಬ್ಬನೇ ಬಲ್ಲವನು, ಜ್ಞಾನದಲ್ಲಿ ನೆಲೆನಿಂತವರು ನಾವು ನಂಬಿದೆವು ಎನ್ನುತ್ತಾರೆ ಎಂದಾಗುತ್ತದೆ. ನಿಲ್ಲಿಸದೆ ಓದಿದರೆ ಆ ಜ್ಞಾನಿಗಳೂ ಬಲ್ಲರು ಎಂದಾಗುತ್ತದೆ. ನಮ್ಮ ಮುಸ್‌ಹಫ್‌ಗಳಲ್ಲಿ ಅಲ್ಲಿ ಪುಟ್ಟ ಮೀಮ್ ಅಕ್ಷರ ಇದೆ. ನಿಲ್ಲಲೇಬೇಕು ಎಂದು ಅದರ ಸೂಚನೆ, ಬಹುಮತವೂ ಅದೇ. ಇಬ್ನ್ ಅಬ್ಬಾಸರ ಶಿಷ್ಯ ಮುಜಾಹಿದ್ ಎರಡನೆಯ ಓದಿನವರು. ಎರಡನ್ನೂ ಪರಂಪರೆ ಕಾಪಾಡಿ ತಂದಿದೆ.

ಭಾರತ ಈ ಶಾಸ್ತ್ರಕ್ಕೆ ಕೊಟ್ಟ ಇನ್ನೊಂದು ಕಾಣಿಕೆ ನಝ್ಮ್, ಅಂದರೆ ಸೂರಾದ ಒಳಗಿನ ಹೊಂದಾಣಿಕೆಯ ತತ್ವ. ಅಝಮ್‌ಗಢ ಸೀಮೆಯ ಹಮೀದುದ್ದೀನ್ ಫರಾಹಿ (1863–1930) ಪ್ರತಿ ಸೂರಾಕ್ಕೂ ಒಂದು ನಡುಗಂಬ ಉಂಟು, ಎಲ್ಲ ಆಯತ್‌ಗಳೂ ಅದಕ್ಕೆ ಆತುಕೊಂಡಿವೆ ಎಂದರು. ಅವರ ಶಿಷ್ಯ ಅಮೀನ್ ಅಹ್ಸನ್ ಇಸ್ಲಾಹಿ ಈ ತತ್ವದ ಮೇಲೆ ‘ತದಬ್ಬುರೆ ಕುರ್‌ಆನ್’ ಎಂಬ ಉರ್ದು ವ್ಯಾಖ್ಯಾನವನ್ನೇ ಬರೆದರು. ಕನ್ನಡದ ವಿದ್ವಾಂಸರಿಗೆ ಇದು ಅಪರಿಚಿತವೆನಿಸದು. ವಾಕ್ಯದ ತಾತ್ಪರ್ಯ ನಿರ್ಣಯಿಸಲು ಉಪಕ್ರಮ ಉಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ನಮ್ಮ ಮೀಮಾಂಸಕರು, ವೇದಾಂತಿಗಳು ಬಳಸಿದರಲ್ಲ, ಆರಂಭಕ್ಕೂ ಅಂತ್ಯಕ್ಕೂ ತಾಳೆ ನೋಡುವ ಆ ಕ್ರಮ ಇಲ್ಲೂ ಉಂಟು. 23ನೇ ಸೂರಾ ವಿಶ್ವಾಸಿಗಳು ಗೆದ್ದರು ಎಂದು ಶುರುವಾಗಿ, ಕೊನೆಯಲ್ಲಿ ನಿರಾಕರಿಸುವವರು ಗೆಲ್ಲುವುದಿಲ್ಲ ಎನ್ನುತ್ತದೆ. 12ನೇ ಶತಮಾನದ ಝಮಖ್ಶರಿ ಇದನ್ನು ಆಗಲೇ ಎತ್ತಿ ತೋರಿಸಿದ್ದರು. ಒಬ್ಬರಿಂದೊಬ್ಬರು ಎರವಲು ಪಡೆದರೆಂದು ನಾನು ಹೇಳುತ್ತಿಲ್ಲ. ಪವಿತ್ರ ವಾಕ್ಯವನ್ನು ಮನಬಂದಂತೆ ಎಳೆಯಬಾರದೆಂಬ ಕಾಳಜಿ ಇದ್ದ ಕಡೆಗಳಲ್ಲೆಲ್ಲ ಇಂಥ ಉಪಕರಣಗಳು ಹುಟ್ಟಿವೆ.

ಕರ್ನಾಟಕದಲ್ಲಿ ಆಯತ್ ಓದುವ ಈ ಪ್ರಶ್ನೆ 2022ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಮಾರ್ಚ್ 15ರಂದು ಹಿಜಾಬ್ ಪ್ರಕರಣದ ತೀರ್ಪು ಕೊಟ್ಟ ಹೈಕೋರ್ಟಿನ ತ್ರಿಸದಸ್ಯ ಪೀಠ, ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳನ್ನು ಮುಖ್ಯವಾಗಿ ಆಧರಿಸಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ನಡುವೆ ಒಮ್ಮತ ಮೂಡಲಿಲ್ಲ. ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯೇ ಎಂಬ ಧರ್ಮಶಾಸ್ತ್ರದ ಪ್ರಶ್ನೆಗೆ ಕೋರ್ಟು ಕೈಹಾಕಬೇಕಾದ ಅಗತ್ಯವೇ ಇರಲಿಲ್ಲ ಎಂದು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಬರೆದರು. ತೀರ್ಪಿನ ಕಾನೂನಿನ ಭಾಗ ನನ್ನ ವಿಷಯವಲ್ಲ. ಆಯತ್‌ಗಳಷ್ಟೇ ನನ್ನ ವಿಷಯ. ಮೇಲುಹೊದಿಕೆಯ ಆಜ್ಞೆ ಕೊಡುವ 33ನೇ ಸೂರಾದ 59ನೇ ಆಯತ್, ಹೆಂಗಸರು ಗುರುತು ಸಿಕ್ಕಿ ಪೀಡೆಗೆ ಒಳಗಾಗದಿರಲಿ ಎಂದು ಕಾರಣವನ್ನೂ ಹೇಳುತ್ತದೆ. ಹೇಳಿದ ಕಾರಣ ಆಜ್ಞೆಯ ಗಡಿಯೇ, ಅಥವಾ ಅದರ ಹಲವು ಪ್ರಯೋಜನಗಳಲ್ಲಿ ಒಂದೇ? ಉಸೂಲಿನ ಹಳೆಯ, ಗಹನವಾದ ಪ್ರಶ್ನೆ ಇದು. ನಾಲ್ಕು ಸುನ್ನಿ ಪಂಥಗಳ ಧರ್ಮವಿಧಿ ಪಂಡಿತರು ಅದನ್ನು ಗಡಿ ಎಂದು ತಿಳಿಯಲಿಲ್ಲ. ತಲೆ ಮುಚ್ಚುವುದರಲ್ಲಿ ಒಂದಾಗಿ, ಮುಖದ ವಿಷಯದಲ್ಲಿ ಬೇರೆಯಾದರು. ಇದನ್ನು ಒಂದು ಅಡಿಟಿಪ್ಪಣಿಯಿಂದ ಬಗೆಹರಿಸಲಾಗದು, ಟಿಪ್ಪಣಿ ಬರೆದವರು ಎಷ್ಟೇ ದೊಡ್ಡವರಾಗಿರಲಿ. ಇನ್ನು ಹೆಂಗಸರ ಉಡುಗೆ ಕುರಿತ 24ನೇ ಸೂರಾದ 31ನೇ ಆಯತ್. ಆ ದಿನಗಳಲ್ಲಿ ಟಿವಿ ಚರ್ಚೆಗಳಲ್ಲಿ ಅದು ಎಷ್ಟು ಸಲ ಬಂತೋ! ಅದಕ್ಕೆ ಮುಂಚೆಯೇ ಇರುವ 30ನೆಯದು, ಗಂಡಸರು ತಮ್ಮ ದೃಷ್ಟಿಯನ್ನು ತಗ್ಗಿಸಲಿ ಎಂದು ಮೊದಲು ಗಂಡಸರಿಗೆ ಹೇಳುತ್ತದೆ. ಪರ ವಾದಿಸಿದವರೂ ವಿರುದ್ಧ ವಾದಿಸಿದವರೂ ಅದನ್ನು ದಾಟಿಕೊಂಡೇ ಹೋಗುತ್ತಿದ್ದುದನ್ನು ಕಂಡು ನನಗೆ ನೋವಾಗಿದೆ.

ಮಂಗಳೂರಿನ ಶಾಂತಿ ಪ್ರಕಾಶನದಂಥ ಸಂಸ್ಥೆಗಳ ಶ್ರಮದಿಂದ ಕುರ್‌ಆನ್ ಕನ್ನಡದಲ್ಲಿ ಸಿಗುತ್ತಿದೆ. ಇನ್ನು ಮುಂದಿನ ಆವೃತ್ತಿಗಳಲ್ಲಿ ರುಕೂ ವಿಭಾಗಗಳು ಕಣ್ಣಿಗೆ ಕಾಣುವ ಹಾಗೆ ಅಚ್ಚಾಗಲಿ, ಒಂದೊಂದು ರುಕೂ ಒಂದೊಂದು ಪ್ಯಾರಾ ಆಗಿ ಬಂದರೂ ಸಾಕು. ಎರಡು ಓದುಗಳಿರುವ ಕಡೆ ಅಂಚಿನಲ್ಲಿ ಎರಡನ್ನೂ ಕೊಡಲಿ. ಪತ್ರಿಕೆಯವರು ಆಯತ್ ಉಲ್ಲೇಖಿಸುವಾಗ ಇಡೀ ರುಕೂವಿನ ಸಂಖ್ಯೆ ಹಾಕಲಿ. ಶಾಹ್ ವಲಿಯುಲ್ಲಾಹ್ ಪಾರಸಿಯಲ್ಲಿ ಬರೆದ ‘ಅಲ್ ಫೌಝುಲ್ ಕಬೀರ್’ ಗಾತ್ರದಲ್ಲಿ ಚಿಕ್ಕದು. ಟಿಪ್ಪಣಿ ಸಹಿತ ಅದರ ಕನ್ನಡ ರೂಪವೊಂದು ನಮ್ಮ ಪದವಿ ತರಗತಿಗಳಿಗೆ ಬೇಕು. ಈ ಸಭೆಯಲ್ಲಿರುವ ಅರಬಿ, ಪಾರಸಿ, ಉರ್ದು ಬಲ್ಲ ತರುಣ ತರುಣಿಯರಲ್ಲಿ ಯಾರಾದರೂ ಆ ಕೆಲಸಕ್ಕೆ ಕೈಹಾಕುವುದಾದರೆ ಹಸ್ತಪ್ರತಿ ಓದಿ ಟಿಪ್ಪಣಿ ಬರೆದುಕೊಡಲು ನಾನು ಸಿದ್ಧ.